ಆಟದ ಫೀ ಹೋದ ದಾರಿ

ಬಯಲು ಕುಸ್ತಿಗೆ ದುಡ್ಡು ಹೊಂದಿಸುವುದು ಈ ಸೀಮೆಯಲ್ಲಿ ದೊಡ್ಡ ಮಾತಾಗಿರಲಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸುತ್ತಿನ ಜಾತ್ರೆಗಳಲ್ಲಿ ತೇರು ಎಳೆದ ಮೇಲೆ ಅಖಾಡ ಹದವಾಯಿತೆಂದರೆ ಊರವರು ಪಟ್ಟಿ ಎತ್ತುತ್ತಿದ್ದರು. ಅಡತಿ ಅಂಗಡಿಯ ಸಾಹುಕಾರರು ಬೆಳ್ಳಿ ಕಡಗ ಇಡುತ್ತಿದ್ದರು. ಗೆದ್ದ ಪೈಲ್ವಾನ ನೋಟು ಪೋಣಿಸಿದ ಹಾರ ಹಾಕಿಕೊಂಡು ಊರು ಸುತ್ತುತ್ತಿದ್ದ. ನೋಡುವವರಿದ್ದರು, ಹಾಗಾಗಿ ಕೊಡುವವರೂ ಇದ್ದರು. ಅದೇ ಊರಿನ ಕಾಲೇಜು ಹುಡುಗರು ಮೈದಾನದ ಮೂಲೆಯಲ್ಲಿ ಕಂಬ ನೆಟ್ಟು ಖೋ–ಖೋ ಆಡಿದರೆ ಎಮ್ಮೆ ಹೊಡಕೊಂಡು ಹೋಗುವವರು ಒಂದು ಗಳಿಗೆ ನಿಂತರೆ ನಿಂತರು. ಕಾಲೇಜಿನ ಆಟಕ್ಕೆ ದುಡ್ಡು ಬಂದದ್ದು ಪ್ರೇಕ್ಷಕರಿಂದಲ್ಲ, ಆಡದ ಹುಡುಗರ ಜೇಬಿನಿಂದ.

ಅಡ್ಮಿಷನ್ ದಿನ ಕೌಂಟರಿನಲ್ಲಿ ಹರಿದು ಕೊಡುವ ರಸೀದಿಯನ್ನು ಯಾರೂ ಪೂರ್ತಿ ಓದುವುದಿಲ್ಲ. ಅಪ್ಪ ಕೆಳಗಿನ ಮೊತ್ತ ನೋಡುತ್ತಾನೆ, ಮಗ ತನ್ನ ಹೆಸರು ಸರಿಯಾಗಿದೆಯೋ ಇಲ್ಲವೋ ನೋಡುತ್ತಾನೆ. ಟ್ಯೂಷನ್ ಫೀ, ಲ್ಯಾಬ್ ಫೀ, ರೀಡಿಂಗ್ ರೂಮ್ ಫೀ, ಮ್ಯಾಗಜಿನ್ ಫೀ, ವೈದ್ಯಕೀಯ ತಪಾಸಣೆ, ವಿದ್ಯಾರ್ಥಿ ಕ್ಷೇಮನಿಧಿ ಇವುಗಳ ನಡುವೆ ಎಲ್ಲೋ ಸ್ಪೋರ್ಟ್ಸ್ ಫೀ ಎಂಬ ಸಾಲು ಇರುತ್ತದೆ. ಡಿಗ್ರಿ ಕಾಲೇಜಾದರೆ ಅದು ಎರಡು ಸಾಲು: ಒಂದು ಕಾಲೇಜಿನ ಆಟಕ್ಕೆ, ಇನ್ನೊಂದು ವಿಶ್ವವಿದ್ಯಾಲಯದ ಆಟಕ್ಕೆ. ಓದಲು ಬಂದವರು ಕಟ್ಟಿದ ಹಣದಲ್ಲಿ ಆಟ ನಡೆಯಬೇಕು ಎಂಬ ಏರ್ಪಾಡು ಅದು. ಈ ಐದು ತಾಲ್ಲೂಕುಗಳಲ್ಲಿ ಓದಿಗೂ ಆಟಕ್ಕೂ ಇರುವ ಹಣದ ನಂಟಿನ ಚರಿತ್ರೆಯನ್ನು ಆ ಎರಡು ಸಾಲುಗಳ ಬೆನ್ನು ಹತ್ತಿಯೇ ಹೇಳಿಬಿಡಬಹುದು. ಯಾಕೆಂದರೆ ಊರುಗಳು ಇದ್ದಲ್ಲೇ ಇದ್ದವು. ಆ ಹಣ ಹೋಗುವ ಊರು ಮಾತ್ರ ಬದಲಾಗುತ್ತಾ ಬಂತು. ಮೊದಲು ಮದರಾಸು, ಆಮೇಲೆ ಧಾರವಾಡ, ಆಮೇಲೆ ಗುಲ್ಬರ್ಗ, ಈಗ ಬಳ್ಳಾರಿ.

1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆ ಮದರಾಸಿಗೆ ಸೇರಿತ್ತು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಆಗಲೇ ತಾಲ್ಲೂಕುಗಳು. ಹಗರಿಬೊಮ್ಮನಹಳ್ಳಿ ಆಮೇಲೆ ಆಯಿತು, ಕೊಟ್ಟೂರು ತೀರಾ ಈಚೆಗೆ ಕೂಡ್ಲಿಗಿಯಿಂದ ಬೇರೆಯಾಯಿತು. ಹೈಸ್ಕೂಲು ಮುಗಿಸಿ ಮುಂದೆ ಓದುತ್ತೇನೆಂದವನು ಅನಂತಪುರದ ಸೀಡೆಡ್ ಡಿಸ್ಟ್ರಿಕ್ಟ್ಸ್ ಕಾಲೇಜಿಗೋ ಮದರಾಸಿಗೋ ಗಂಟು ಕಟ್ಟಬೇಕಿತ್ತು. ಅನಂತಪುರದ ಆ ಕಾಲೇಜು ತೆರೆದದ್ದು 1916ರಲ್ಲಿ. ಅದೇ 1916ರಲ್ಲಿ ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿತು. ಮುಂದೆ ಈ ತಾಲ್ಲೂಕುಗಳ ಉನ್ನತ ಶಿಕ್ಷಣದ ಬಹುಪಾಲು ಕತೆ ಈ ಸಂಘದ ಕತೆಯೇ.

ಆಟದ ಪಾಠ ಮಾತ್ರ ಮದರಾಸಿನಿಂದ ಬಂತು, ಅದೂ ಒಬ್ಬ ಅಮೆರಿಕನ್ನನ ಕೈಯಿಂದ. ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಶುರುಮಾಡಿದ. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದ ತಂಡವನ್ನು ಮ್ಯಾನೇಜರಾಗಿ ಕರೆದುಕೊಂಡು ಹೋದವನೂ ಅವನೇ. ಅಲ್ಲಿ ತಯಾರಾದವರು ಪ್ರೆಸಿಡೆನ್ಸಿಯ ಶಾಲೆ ಕಾಲೇಜುಗಳಿಗೆ ಹರಡಿಕೊಂಡರು. ಕೊರಳಲ್ಲಿ ಸೀಟಿ, ಬಿಳಿ ಕ್ಯಾನ್ವಾಸ್ ಬೂಟು, ಸಾಲಾಗಿ ನಿಲ್ಲಿಸುವ ಗತ್ತು. ನಮ್ಮ ಕಡೆ ಡ್ರಿಲ್ ಮಾಸ್ತರ್ ಎಂದು ಕರೆದದ್ದು ಇವರನ್ನೇ. ತಮಿಳುನಾಡಿನ ತಂಜಾವೂರು ಕಡೆಯ ಬಾಲ್ ಬ್ಯಾಡ್ಮಿಂಟನ್ ಬಳ್ಳಾರಿ ಸೀಮೆಯಲ್ಲಿ ನೆಲೆಯೂರಿದ್ದೂ ಈ ಮದರಾಸು ಸಂಬಂಧದ ಫಲ.

ಬಕ್ ಹುಟ್ಟಿ ಬೆಳೆದ ದೇಶದಲ್ಲಿ ಕಾಲೇಜಿನ ಆಟ ಅಷ್ಟು ಹೊತ್ತಿಗಾಗಲೇ ವ್ಯಾಪಾರವಾಗಿತ್ತು. 1852ರಲ್ಲಿ ಹಾರ್ವರ್ಡ್ ಮತ್ತು ಯೇಲ್ ಹುಡುಗರು ನ್ಯೂ ಹ್ಯಾಂಪ್‌ಶೈರಿನ ಒಂದು ಸರೋವರದಲ್ಲಿ ದೋಣಿ ಓಡಿಸಿದರಲ್ಲ, ಅದರ ಖರ್ಚು ಹೊತ್ತದ್ದು ಒಂದು ರೈಲ್ವೆ ಕಂಪನಿ. ಪಂದ್ಯ ನೋಡಲು ಬರುವವರು ತನ್ನ ರೈಲು ಹತ್ತಲಿ ಎಂಬುದು ಅದರ ಲೆಕ್ಕ. ಅಮೆರಿಕದ ಮೊದಲ ಅಂತರ ಕಾಲೇಜು ಪಂದ್ಯವೇ ಹೀಗೆ ಪ್ರಾಯೋಜಿತ. 1903ಕ್ಕೆ ಹಾರ್ವರ್ಡ್ ಕಾಂಕ್ರೀಟಿನ ಸ್ಟೇಡಿಯಂ ಕಟ್ಟಿತು. 1929ರಲ್ಲಿ ಕಾರ್ನೆಗಿ ಪ್ರತಿಷ್ಠಾನದ ವರದಿ, ಆಟಗಾರರನ್ನು ದುಡ್ಡು ಕೊಟ್ಟು ಎಳೆತರುವ ಕಾಲೇಜುಗಳ ಪಟ್ಟಿಯನ್ನು ಬಿಚ್ಚಿಟ್ಟಿತು. ಹತ್ತು ವರ್ಷದ ಮೇಲೆ ಶಿಕಾಗೊ ವಿಶ್ವವಿದ್ಯಾಲಯದ ರಾಬರ್ಟ್ ಹಚಿನ್ಸ್, ಇದು ಓದಿಗೆ ಕೇಡು ಎಂದು ಫುಟ್ಬಾಲ್ ತಂಡವನ್ನೇ ಎತ್ತಿಹಾಕಿದರು. ಬೇರೆಯವರು ಅವರ ಹಿಂದೆ ಹೋಗಲಿಲ್ಲ. ಬಕ್ ಮದರಾಸಿಗೆ ಸೀಟಿ ತಂದ, ಟಿಕೀಟು ಕಿಟಕಿ ತರಲಿಲ್ಲ. ವೈಎಂಸಿಎಗೆ ಆಟ ಎಂದರೆ ಶೀಲ, ಆರೋಗ್ಯ, ಶಿಸ್ತು. ಅಂಥದ್ದಕ್ಕೆ ಟಿಕೀಟು ಇಡುವುದು ಹೇಗೆ? ಫೀ ಹಾಕಬಹುದು, ಅಷ್ಟೆ.

1945ರಲ್ಲಿ ಬಳ್ಳಾರಿಯ ವೀರಶೈವ ಕಾಲೇಜು ಶುರುವಾದಾಗ ಅದು ಮದರಾಸು ವಿಶ್ವವಿದ್ಯಾಲಯದ ಕೆಳಗೆ ಬಂತು. ಎಂಟೇ ವರ್ಷಕ್ಕೆ ಜಿಲ್ಲೆಯೇ ಒಡೆಯಿತು: ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಉಳಿದದ್ದು ಮೈಸೂರಿಗೆ ಬಂತು. 1956ರ ಏಕೀಕರಣದ ಮೇಲೆ ಬಳ್ಳಾರಿ ಕಡೆಯ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಮಡಿಲಿಗೆ ಬಿದ್ದವು. 1949ರಲ್ಲಿ ಹುಟ್ಟಿದ ಆ ವಿಶ್ವವಿದ್ಯಾಲಯವನ್ನು 1954ರಿಂದ 1967ರವರೆಗೆ ನಡೆಸಿದವರು ಡಿ.ಸಿ. ಪಾವಟೆ, ಕೇಂಬ್ರಿಜಿನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಆದವರು. ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವನಿಗೆ ‘ಬ್ಲೂ’ ಎಂಬ ಹೆಸರಿಡುವುದೂ ಕೇಂಬ್ರಿಜಿನ ಪದ್ಧತಿಯೇ. ಕೊಟ್ಟೂರಿನ ಹುಡುಗನೊಬ್ಬ ‘ಯೂನಿವರ್ಸಿಟಿ ಬ್ಲೂ’ ಆದನೆಂದರೆ ಬ್ಲೇಜರು ಹಾಕಿಕೊಂಡು ಫೋಟೋ ಹೊಡೆಸಿಕೊಳ್ಳುತ್ತಿದ್ದ. ಆ ಫೋಟೋ ಮನೆಯ ಪಡಸಾಲೆಯಲ್ಲಿ ಡಿಗ್ರಿ ಫೋಟೋಗಿಂತ ಮೇಲೆ ತೂಗುತ್ತಿತ್ತು.

ಹೊಸ ದೇಶ ಆಟದ ಬಗ್ಗೆ ಹೇಳುತ್ತಿದ್ದುದಕ್ಕೂ ಕೊಡುತ್ತಿದ್ದುದಕ್ಕೂ ತಾಳೆಯಿರಲಿಲ್ಲ. 1948–49ರ ರಾಧಾಕೃಷ್ಣನ್ ಆಯೋಗ ಕಾಲೇಜಿನಲ್ಲಿ ಎರಡು ವರ್ಷ ದೈಹಿಕ ಶಿಕ್ಷಣ ಕಡ್ಡಾಯವಾಗಲಿ ಎಂದಿತು. 1956–57ರಿಂದ ಆಟದಲ್ಲಿ ಮುಂದಿರುವ ವಿಶ್ವವಿದ್ಯಾಲಯಕ್ಕೆ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿ ಎಂದಾಯಿತು. ಟ್ರೋಫಿ ದೆಹಲಿಯದು. ಚೆಂಡು ಕೊಳ್ಳುವ ಹಣ ಹರಪನಹಳ್ಳಿಯ ಹುಡುಗನ ಫೀಯದು.

ವಿದ್ಯಾವರ್ಧಕ ಸಂಘ ತಾಲ್ಲೂಕುಗಳಿಗೆ ಇಳಿದು ಕಾಲೇಜು ತೆರೆದದ್ದೇ ಈ ಏರ್ಪಾಡಿಗೆ ನಿಜವಾದ ಪರೀಕ್ಷೆ ಬಂತು. ಕೊಟ್ಟೂರಿನಲ್ಲಿ ಕೊಟ್ಟೂರೇಶ್ವರ ಕಾಲೇಜು, ಹಡಗಲಿಯಲ್ಲಿ ಜಿ.ಬಿ.ಆರ್., ಹರಪನಹಳ್ಳಿಯಲ್ಲಿ ಎಸ್.ಯು.ಜೆ.ಎಂ. ಸಣ್ಣ ಊರಿನ ಸಣ್ಣ ಕಾಲೇಜಿನ ಲೆಕ್ಕ ಹೀಗಿಟ್ಟುಕೊಳ್ಳಿ: ಮುನ್ನೂರು ಮಕ್ಕಳು, ತಲೆಗೆ ಹತ್ತು ರೂಪಾಯಿ, ಒಟ್ಟು ಮೂರು ಸಾವಿರ. ಅದರಲ್ಲಿ ವಿಶ್ವವಿದ್ಯಾಲಯದ ಪಾಲು ತೆಗೆದು ಕಳಿಸಬೇಕು. ಉಳಿದದ್ದರಲ್ಲಿ ವರ್ಷದ ಸಾಮಾನು, ವಾರ್ಷಿಕ ಕ್ರೀಡಾಕೂಟದ ಸುಣ್ಣ, ಕಪ್ಪು, ಸರ್ಟಿಫಿಕೇಟು, ಅಂತರ ಕಾಲೇಜು ಪಂದ್ಯಗಳ ಎಂಟ್ರಿ ಫೀ, ಹೋಗಿ ಬರುವ ಟಿಎ–ಡಿಎ. ಇಷ್ಟು ಕೈಯಲ್ಲಿ ಹಿಡಿದುಕೊಂಡು ದೈಹಿಕ ಶಿಕ್ಷಣದ ಮೇಷ್ಟ್ರು ಯಾವ ಆಟ ಆಡಿಸಬೇಕೆಂದು ಕೂತು ಯೋಚಿಸುವುದೇನಿದೆ? ಕಬಡ್ಡಿಗೆ ಗೆರೆ ಸಾಕು, ಖೋ–ಖೋಗೆ ಎರಡು ಕಂಬ, ವಾಲಿಬಾಲಿಗೆ ಒಂದು ನೆಟ್ಟು. ಓಡುವವನು ಬರಿಗಾಲಲ್ಲಿ ಓಡುತ್ತಾನೆ. ಈ ಕಡೆಯ ಹುಡುಗರಿಗೆ ಕಬಡ್ಡಿ ರಕ್ತದಲ್ಲೇ ಇದೆ ಎಂದು ಸಭೆಗಳಲ್ಲಿ ಹೇಳುವುದುಂಟು. ರಕ್ತಕ್ಕಿಂತ ಹೆಚ್ಚಾಗಿ ಅದು ಬಜೆಟ್ಟಿನಲ್ಲಿತ್ತು ಎಂಬುದು ನನ್ನ ಅನುಮಾನ. ಟೆನಿಸ್ಸೂ ಈಜೂ ರಕ್ತಕ್ಕೆ ಬರಬೇಕಾದರೆ ಮೊದಲು ಸ್ಟಾಕ್ ರಿಜಿಸ್ಟರಿಗೆ ಬರಬೇಕು.

ಖರ್ಚಿನಲ್ಲಿ ದೊಡ್ಡದು ಸಾಮಾನಿನದಲ್ಲ, ದಾರಿಯದು. ಹೊಸಪೇಟೆ–ಕೊಟ್ಟೂರು ಮೀಟರ್‌ಗೇಜ್ ರೈಲು 1905ರಷ್ಟು ಹಿಂದೆಯೇ ಬಂದಿತ್ತು, ಕೊಟ್ಟೂರು ಆಗ ಅದರ ಕೊನೆಯ ನಿಲ್ದಾಣ. ಧಾರವಾಡಕ್ಕೆ ಹೋಗುವ ತಂಡ ಹೊಸಪೇಟೆಗೆ ಹೋಗಿ, ಗಾಡಿ ಬದಲಿಸಿ, ತುಂಗಭದ್ರೆ ದಾಟಿ, ಕೊಪ್ಪಳ, ಗದಗ, ಹುಬ್ಬಳ್ಳಿ ಮೇಲೆ ಹಾಯಬೇಕು. ಹಡಗಲಿಯವರಾದರೆ ಮುಂಡರಗಿ ಕಡೆಯಿಂದ. ಕಬಡ್ಡಿಗೆ ಏಳು ಜನ ಆಡಿದರೂ ಹನ್ನೆರಡು ಜನ ಹೊರಡಬೇಕು, ಜೊತೆಗೆ ಮೇಷ್ಟ್ರು. ಮೊದಲ ಸುತ್ತಿನಲ್ಲೇ ಸೋತರೆ ಅದೇ ಸಂಜೆ ವಾಪಸು, ಖರ್ಚು ಕಡಿಮೆ. ಗೆದ್ದುಬಿಟ್ಟರೆ ಇನ್ನೊಂದು ದಿನದ ಊಟ, ವಸತಿ. ಫೈನಲ್ಲಿಗೆ ಬಂದ ತಂಡದ ಮೇಷ್ಟ್ರಿಗೆ ಖುಷಿಯ ಜೊತೆಗೇ ಅಡ್ವಾನ್ಸ್ ಸಾಲದ ಚಿಂತೆ. ಊರಿಗೆ ಬಂದ ಮೇಲೆ ವೋಚರು ಹೊಂದಿಸಿ ಕ್ಯಾಷ್‌ಬುಕ್ಕಿಗೆ ಕೂರಿಸುವಾಗ ಸೂಪರಿಂಟೆಂಡೆಂಟರು ಕೇಳುವ ಪ್ರಶ್ನೆಗಳಿಗೆ ಹೋಲಿಸಿದರೆ ಎದುರಾಳಿ ತಂಡ ಸಾಧು.

ಹೆಣ್ಣುಮಕ್ಕಳ ತಂಡಕ್ಕೆ ಇನ್ನೂ ಒಂದು ಟಿಕೀಟು ಹೆಚ್ಚು. ಜೊತೆಗೆ ಮೇಡಂ ಒಬ್ಬರು ಹೋಗಬೇಕು, ಅವರ ಟಿಎ–ಡಿಎ ಸೇರಬೇಕು. ಮೇಡಂ ಇಲ್ಲದ ಕಾಲೇಜುಗಳೂ ಇದ್ದವು. ಹುಡುಗಿಯರ ತಂಡ ಯಾಕೆ ಕಳಿಸಲಿಲ್ಲ ಎಂದರೆ ಮನೆಯವರು ಒಪ್ಪುವುದಿಲ್ಲ ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಒಪ್ಪದ ಮನೆಗಳು ಇದ್ದವು, ಸುಳ್ಳಲ್ಲ. ಒಪ್ಪಿದ ಮನೆಯ ಹುಡುಗಿಗೂ ಬಸ್ಸು ಹತ್ತುವ ಹಣ ಇರಲಿಲ್ಲ ಎಂಬುದೂ ಸುಳ್ಳಲ್ಲ. ರಸೀದಿಯಲ್ಲಿ ಮಾತ್ರ ಹುಡುಗನಿಗೂ ಹುಡುಗಿಗೂ ಆಟದ ಫೀ ಒಂದೇ. ಹೀಗೆ ದಶಕಗಟ್ಟಲೆ ಹುಡುಗಿಯರ ಹಣದಲ್ಲಿ ಹುಡುಗರು ಕಬಡ್ಡಿ ಆಡಿದರು. ಇವತ್ತು ಸರ್ಕಾರಿ ಡಿಗ್ರಿ ಕಾಲೇಜುಗಳಲ್ಲಿ ಹುಡುಗಿಯರೇ ಹೆಚ್ಚು. ಆ ಬಾಕಿಯನ್ನು ಕೇಳುವವರೂ ಅವರೇ ಆಗಬೇಕು.

ಪಂದ್ಯಾವಳಿಯ ಆತಿಥ್ಯ ಸಿಕ್ಕ ವರ್ಷದ ಲೆಕ್ಕ ಇನ್ನೊಂದು ಬಗೆ. ವಿಶ್ವವಿದ್ಯಾಲಯ ಕೊಡುವ ಮೊತ್ತದಲ್ಲಿ ಬಂದ ತಂಡಗಳಿಗೆ ಎರಡು ಹೊತ್ತು ಊಟ ಹಾಕುವುದು ಆಗದ ಮಾತು. ಆಗ ಪ್ರಾಂಶುಪಾಲರು ಬಜಾರಕ್ಕೆ ಇಳಿಯುತ್ತಿದ್ದರು. ಒಬ್ಬರು ಅಕ್ಕಿ ಕೊಟ್ಟರು, ಒಬ್ಬರು ತರಕಾರಿ, ಇನ್ನೊಬ್ಬರು ತೀರಿಹೋದ ತಂದೆಯ ಹೆಸರಿನಲ್ಲಿ ರೋಲಿಂಗ್ ಶೀಲ್ಡು. ಜಾತ್ರೆಯ ದಾಸೋಹಕ್ಕೆ ಕೊಟ್ಟು ರೂಢಿಯಿದ್ದ ಕೈಗಳು ಅವು. ಕೊಟ್ಟೂರಂಥ ಊರಿನಲ್ಲಿ ಕಾಲೇಜು, ಮಠ, ಮಾರ್ಕೆಟ್ಟು ಇವುಗಳ ನಡುವೆ ಗೋಡೆ ಇರಲಿಲ್ಲ. ಕಾ‍ಲೇಜು ಎದ್ದದ್ದೇ ಹಾಗೆ ಎತ್ತಿದ ಹಣದಿಂದ. ಅಮೆರಿಕದ ಹಳೆ ವಿದ್ಯಾರ್ಥಿ ತನ್ನ ಕಾಲೇಜಿನ ತಂಡ ಗೆಲ್ಲಲಿ ಎಂದು ಚೆಕ್ ಬರೆದರೆ, ಇಲ್ಲಿನ ದಾನಿ ಬೇರೆ ಊರಿನ ಹುಡುಗರು ಹಸಿದು ಹೋಗಬಾರದೆಂದು ಅಕ್ಕಿ ಮೂಟೆ ಕಳಿಸಿದ. ಯಾರು ಗೆದ್ದರೆಂದು ಅವನು ವಿಚಾರಿಸಿದ್ದು ಕಡಿಮೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಆಟದ ಹಣ ಆಟಕ್ಕೇ ಖರ್ಚಾಗಬೇಕು ಎಂಬುದು ನಿಯಮ. ಆದರೆ ಕಾಲೇಜಿನ ಪೆಟ್ಟಿಗೆಯಲ್ಲಿ ಸದಾ ಒಂದಿಷ್ಟು ನಗದು ಇರುತ್ತಿದ್ದ ಖಾತೆಗಳಲ್ಲಿ ಇದೂ ಒಂದು. ಅನುದಾನ ತಡವಾದಾಗ, ಪರೀಕ್ಷೆಗೆ ಬೆಂಚು ಬೇಕಾದಾಗ, ಗ್ಯಾದರಿಂಗಿಗೆ ಪೆಂಡಾಲು ಬೇಕಾದಾಗ ಕಣ್ಣು ಅದರ ಮೇಲೆ. ತಾತ್ಕಾಲಿಕವಾಗಿ ತೆಗೆದದ್ದು ತಿರುಗಿ ಬರುತ್ತಿತ್ತು, ಕೆಲವೊಮ್ಮೆ ಲೆಕ್ಕಪರಿಶೋಧಕರು ಬರುವ ಹಿಂದಿನ ವಾರ. ಅಮೆರಿಕದಲ್ಲಿ ಆಟ ಓದನ್ನು ತಿನ್ನುತ್ತದೆ ಎಂದು ಪ್ರೊಫೆಸರರು ಗೋಳಾಡಿದರೆ, ಇಲ್ಲಿ ಓದು ಆಟವನ್ನು ಚೂರುಚೂರೇ ಕೈಗಡ ತೆಗೆದುಕೊಳ್ಳುತ್ತಿತ್ತು. ಗೋಳಾಡಲು ಡ್ರಿಲ್ ಮಾಸ್ತರರಿಗೆ ಸ್ಟಾಫ್ ಮೀಟಿಂಗಿನಲ್ಲಿ ಅಂಥ ದನಿ ಇರಲಿಲ್ಲ.

1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಆಯಿತು. ಬೀದರ, ಗುಲ್ಬರ್ಗ, ರಾಯಚೂರುಗಳ ಜೊತೆ ಬಳ್ಳಾರಿಯೂ ಅದಕ್ಕೆ ಸೇರಿತು. ಹಿಂದುಳಿದ ಸೀಮೆಗೆ ಸ್ವಂತ ವಿಶ್ವವಿದ್ಯಾಲಯ ಬೇಕೆಂಬುದು ನ್ಯಾಯವಾದ ಬೇಡಿಕೆ. ಹರಪನಹಳ್ಳಿ ಹುಡುಗನಿಗೆ ಅದು ಎಷ್ಟು ಸ್ವಂತ ಎಂಬುದು ಬೇರೆ ಪ್ರಶ್ನೆ. ಧಾರವಾಡಕ್ಕೆ ಹೋಗಲು ಒಂದು ಹೊಳೆ ದಾಟಿದರೆ ಸಾಕಿತ್ತು. ಗುಲ್ಬರ್ಗಕ್ಕೆ ತುಂಗಭದ್ರೆ, ಕೃಷ್ಣೆ, ಭೀಮೆ ಮೂರನ್ನೂ ದಾಟಬೇಕು. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬೆಳಿಗ್ಗೆ ಅಲ್ಲಿನ ಬಿಸಿಲಿಗೆ ಇಳಿದು ಮೈದಾನಕ್ಕೆ ಹೋಗಬೇಕು. ಆಟದ ಫೀಯಲ್ಲಿ ಸಾರಿಗೆ ನಿಗಮದ ಪಾಲು ಏರಿತು, ಅಷ್ಟು ಮಟ್ಟಿಗೆ ಚೆಂಡಿನ ಪಾಲು ಇಳಿಯಿತು.

ಅದೇ ದಶಕದಲ್ಲಿ ಯಾರೂ ಅಷ್ಟಾಗಿ ಗಮನಿಸದ ದೊಡ್ಡ ಬದಲಾವಣೆಯೊಂದು ಸಂಬಳದ ಪಟ್ಟಿಯಲ್ಲಿ ಆಯಿತು. ವಿಶ್ವವಿದ್ಯಾಲಯ ಅನುದಾನ ಆಯೋಗದ 1986ರ ವೇತನ ಪರಿಷ್ಕರಣೆ ಅಧ್ಯಾಪಕರ ಜೊತೆಗೆ ಗ್ರಂಥಪಾಲಕರನ್ನೂ ದೈಹಿಕ ಶಿಕ್ಷಣ ನಿರ್ದೇಶಕರನ್ನೂ ಎಣಿಸಿತು. ಡ್ರಿಲ್ ಮಾಸ್ತರ್ ಎಂಬುವವರು ಪಿ.ಡಿ. ಸರ್ ಆದರು. ಏಳನೇ ವೇತನ ಆಯೋಗದ ನಂತರದ ಶ್ರೇಣಿಯಲ್ಲಿ ಈ ಹುದ್ದೆಗೆ ಸೇರಿದವರ ಆರಂಭದ ಮೂಲವೇತನ ತಿಂಗಳಿಗೆ 57,700 ರೂಪಾಯಿ. ತಲೆಗೆ ನೂರರಂತೆ ಆಟದ ಫೀ ವಸೂಲಾಗುತ್ತದೆ ಎಂದುಕೊಂಡರೂ 577 ಮಕ್ಕಳ ಇಡೀ ವರ್ಷದ ಫೀ ಒಬ್ಬರ ಒಂದು ತಿಂಗಳ ಮೂಲವೇತನಕ್ಕೆ ಸಮ. ಅಂದರೆ ಈ ಊರುಗಳಲ್ಲಿ ಕಾಲೇಜಿನ ಆಟಕ್ಕೆ ಸುರಿದ ಹಣದಲ್ಲಿ ಸಿಂಹಪಾಲು ರಾಜ್ಯದ ಖಜಾನೆಯದು, ಅದೂ ಶಿಕ್ಷಣದ ಲೆಕ್ಕದಲ್ಲಿ ಬಂದದ್ದು. ಓದಿಗೆಂದು ಇಟ್ಟ ಹಣ ಒಬ್ಬ ಮನುಷ್ಯನ ರೂಪದಲ್ಲಿ ಮೈದಾನಕ್ಕೆ ಇಳಿಯಿತು. ಆ ಮನುಷ್ಯ ಒಳ್ಳೆಯವನಾದರೆ ಊರಿನ ಪುಣ್ಯ: ಬೆಳಿಗ್ಗೆ ಐದೂವರೆಗೆ ಮೈದಾನಕ್ಕೆ ಬರುತ್ತಿದ್ದ, ಬಡ ಹುಡುಗನಿಗೆ ಕೈಯಿಂದ ಬೂಟು ಕೊಡಿಸುತ್ತಿದ್ದ. ಅಂಥವರಿದ್ದ ಕಾಲೇಜುಗಳ ಹುಡುಗರು ಪೊಲೀಸಿಗೋ ಸೈನ್ಯಕ್ಕೋ ಸೇರಿದರು, ಬಿ.ಪಿ.ಎಡ್. ಮಾಡಿ ತಾವೂ ಪಿ.ಟಿ. ಮೇಷ್ಟ್ರಾದರು. ಅವರು ನಿವೃತ್ತರಾದರೋ, ಅನುದಾನಿತ ಕಾಲೇಜಿನಲ್ಲಿ ಆ ಜಾಗ ವರ್ಷಗಟ್ಟಲೆ ಖಾಲಿ. ಆಗ ಕನ್ನಡದ ಅಥವಾ ಇತಿಹಾಸದ ಮೇಷ್ಟ್ರೊಬ್ಬರ ಕೊರಳಿಗೆ ‘ಕ್ರೀಡಾ ಸಂಚಾಲಕ’ ಎಂಬ ಪಟ್ಟಿ ಬೀಳುತ್ತದೆ. ಫೀ ಮಾತ್ರ ತಪ್ಪದೆ ವಸೂಲಾಗುತ್ತದೆ.

ಹರಪನಹಳ್ಳಿಯ ದಾರಿ 1997ರಲ್ಲಿ ಬೇರೆಯಾಯಿತು. ದಾವಣಗೆರೆ ಹೊಸ ಜಿಲ್ಲೆಯಾದಾಗ ಈ ತಾಲ್ಲೂಕನ್ನು ಬಳ್ಳಾರಿಯಿಂದ ಕಿತ್ತು ಅಲ್ಲಿ ಸೇರಿಸಿದರು. ಪಿಯು ಕಾಲೇಜುಗಳ ಆಟ ತಾಲ್ಲೂಕು, ಜಿಲ್ಲೆ, ರಾಜ್ಯ ಎಂಬ ಮೆಟ್ಟಿಲುಗಳಲ್ಲಿ ನಡೆಯುತ್ತದೆ. ಹೀಗಾಗಿ ಇಲ್ಲಿನ ಪಿಯು ಮಕ್ಕಳು ಜಿಲ್ಲಾಮಟ್ಟಕ್ಕೆ ಹತ್ತಿರದ ದಾವಣಗೆರೆಗೆ ಹೋಗತೊಡಗಿದರು. ಬಸ್ಸಿನ ಖರ್ಚು ಉಳಿಯಿತು. ಕಳೆದುಕೊಂಡದ್ದು ಗೊತ್ತಾದದ್ದು ಆಮೇಲೆ. ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನ ಬಂದಾಗ ಬಳ್ಳಾರಿ ಜಿಲ್ಲೆಯ ನೆರೆಹೊರೆಯವರಿಗೆಲ್ಲ ಸೀಟು, ನೌಕರಿ, ಅನುದಾನಗಳ ಮೀಸಲು ಸಿಕ್ಕಿತು, ಹರಪನಹಳ್ಳಿ ಹೊರಗೆ ನಿಂತಿತು. ಹೋರಾಟ ನಡೆದು, 2018ರ ತೀರ್ಮಾನದಂತೆ ತಾಲ್ಲೂಕು ಬಳ್ಳಾರಿಗೆ ಮರಳಿತು. ಮೂರೇ ವರ್ಷದಲ್ಲಿ, 2021ರಲ್ಲಿ, ಐದೂ ತಾಲ್ಲೂಕುಗಳು ಹೊಸ ವಿಜಯನಗರ ಜಿಲ್ಲೆಗೆ ಸೇರಿದವು. ಒಂದೇ ಮನೆಯಲ್ಲಿ ಅಣ್ಣ ದಾವಣಗೆರೆ ಜಿಲ್ಲೆಗೆ, ತಮ್ಮ ಬಳ್ಳಾರಿಗೆ, ತಂಗಿ ವಿಜಯನಗರಕ್ಕೆ ಓಡಿದ ಸರ್ಟಿಫಿಕೇಟುಗಳು ಇರುವುದು ಸಾಧ್ಯ.

ಇಷ್ಟು ಹೊತ್ತಿಗೆ ರಾಜ್ಯದ ಬೇರೆ ಮೂಲೆಯಲ್ಲಿ ಕಾಲೇಜಿನ ಆಟ ಹೊಸ ಲೆಕ್ಕ ಕಲಿತಿತ್ತು. ಮೂಡಬಿದಿರೆಯ ಆಳ್ವಾಸ್ ಸಂಸ್ಥೆ ಪ್ರತಿಭೆಯಿರುವ ಆಟಗಾರರನ್ನು ಊಟ, ವಸತಿ, ಓದು ಎಲ್ಲ ಉಚಿತವಾಗಿ ಕೊಟ್ಟು ದತ್ತು ತೆಗೆದುಕೊಳ್ಳತೊಡಗಿತು. ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ಮಂಗಳೂರು ವಿಶ್ವವಿದ್ಯಾಲಯ ವರ್ಷಾನುವರ್ಷ ಮೆರೆದದ್ದರ ಹಿಂದೆ ಬಹುಪಾಲು ಆಳ್ವಾಸ್ ಮಕ್ಕಳಿದ್ದರು. ಖಾಸಗಿ ಸಂಸ್ಥೆಗಳಲ್ಲಿ ಫೀ ಕಟ್ಟುವ ಸಾವಿರಾರು ಮಕ್ಕಳ ಹಣದಲ್ಲಿ ಕೆಲವು ನೂರು ಆಟಗಾರರನ್ನು ಸಾಕುವುದು, ಆ ಆಟಗಾರರ ಪದಕ ಸಂಸ್ಥೆಯ ಹೆಸರನ್ನು ಊರೂರಿಗೆ ಒಯ್ಯುವುದು: ಅಮೆರಿಕದ ಮಾದರಿಗೆ ನಮ್ಮಲ್ಲಿ ತೀರಾ ಹತ್ತಿರದ್ದು ಇದೇ. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ 20 ಚಿನ್ನ ಗೆದ್ದು ಮೊದಲು ಬಂದದ್ದೂ ಖಾಸಗಿಯ ಜೈನ್ ವಿಶ್ವವಿದ್ಯಾಲಯ. ಕೂಡ್ಲಿಗಿಯ ಒಳ್ಳೆ ಓಟಗಾರ್ತಿಗೆ ಇದರಿಂದ ನಷ್ಟವಿಲ್ಲ, ಬಸ್ಸು ಹತ್ತಿ ಹೋಗುತ್ತಾಳೆ. ನಷ್ಟ ಅವಳು ಬಿಟ್ಟುಹೋದ ಕಾಲೇಜಿನ ತಂಡಕ್ಕೆ.

ಮನೆಯ ಹತ್ತಿರವೇ ದುಡ್ಡಿನ ಹೊಳೆ ಹರಿದ ಕಾಲವೂ ಒಂದಿತ್ತು. ಈ ಶತಮಾನದ ಮೊದಲ ದಶಕದಲ್ಲಿ ಸಂಡೂರು–ಹೊಸಪೇಟೆ ಬೆಟ್ಟಗಳ ಅದಿರು ಚೀನಾಕ್ಕೆ ಹೋಗುತ್ತಿದ್ದಾಗ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳು ಎದ್ದವು. ಆಳೆತ್ತರದ ಫ್ಲೆಕ್ಸು, ನಗದು ಬಹುಮಾನ. ಕಾಲೇಜು ಹುಡುಗರು ಅಲ್ಲಿ ಊರ ತಂಡಕ್ಕೋ ಗೆಳೆಯರ ಬಳಗಕ್ಕೋ ಆಡಿದರು, ಬಂದದ್ದನ್ನು ಹಂಚಿಕೊಂಡರು. ಕಾಲೇಜಿಗೆ ಆಡಿದರೆ ಸರ್ಟಿಫಿಕೇಟು, ಊರಿಗೆ ಆಡಿದರೆ ನೋಟು ಎಂಬ ಹಳೆಯ ಜಾತ್ರೆ ನ್ಯಾಯವೇ ಅದು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಆ ಬೆಳಕು ಮಂಕಾಯಿತು. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕೆಂದಿತು, ಆ ಪಟ್ಟಿಯಲ್ಲಿ ಆಟವೂ ಇತ್ತು. 2018ರಲ್ಲಿ ತೋರಣಗಲ್ಲು ಬಳಿ ಜೆಎಸ್‌ಡಬ್ಲ್ಯು ಬೆಂಬಲದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ತೆರೆಯಿತು. ನೀರಜ್ ಚೋಪ್ರಾ ಅಲ್ಲಿ ಅಭ್ಯಾಸ ಮಾಡಿದರು. ಕೊಟ್ಟೂರಿನಿಂದ ಅದು ಒಂದು ಹೊತ್ತಿನ ದಾರಿ. ಆದರೆ ಆ ಹಣ ಯಾವ ಕಾಲೇಜಿನ ಕ್ಯಾಷ್‌ಬುಕ್ಕನ್ನೂ ಹಾದು ಹೋಗುವುದಿಲ್ಲ.

ಅಮೆರಿಕದಲ್ಲಿ 1984ರ ಸುಪ್ರೀಂ ಕೋರ್ಟ್ ತೀರ್ಪು ಟಿ.ವಿ. ಹಣದ ಬಾಗಿಲು ತೆರೆದ ಮೇಲೆ ಕಾಲೇಜು ಫುಟ್ಬಾಲು ಬೆಳೆದ ಪರಿ ಬೇರೆ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ಒಂದು ವಿಶ್ವವಿದ್ಯಾಲಯ ತನ್ನ ಆಟಗಾರರಿಗೆ ಮೊದಲ ವರ್ಷ ಸುಮಾರು 2 ಕೋಟಿ 5 ಲಕ್ಷ ಡಾಲರಿನವರೆಗೆ ನೇರವಾಗಿ ಹಂಚಬಹುದು. ನಮ್ಮ ಹಣದಲ್ಲಿ ನೂರೆಪ್ಪತ್ತು ಕೋಟಿ ರೂಪಾಯಿಗೂ ಮೇಲೆ. ಊರು ಹೆಸರುವಾಸಿಯಾಗುವುದು, ದೂರದ ಮಕ್ಕಳು ಆ ಹೆಸರು ಕೇಳಿ ಬಂದು ಸೇರುವುದು, ಅದರಿಂದ ಊರಿನ ಅಂಗಡಿ ನಡೆಯುವುದು, ಇವನ್ನೆಲ್ಲ ಅಲ್ಲಿ ಫುಟ್ಬಾಲ್ ಮಾಡುತ್ತದೆ.

ಕೊಟ್ಟೂರಿನಲ್ಲಿ ಅದನ್ನೆಲ್ಲ ಮಾಡಿದ್ದು ಕಲಾ ವಿಭಾಗದ ಪಿಯುಸಿ! ಅಲ್ಲಿನ ‘ಇಂದು’ ಹೆಸರಿನ ಪಿಯು ಕಾಲೇಜಿನ ಮಕ್ಕಳು 2018, 2019, 2020, 2022, 2025ರಲ್ಲಿ ಕಲಾ ವಿಭಾಗದಲ್ಲಿ ರಾಜ್ಯಕ್ಕೆ ಮೊದಲಿಗರಾದರು. ಫಲಿತಾಂಶದ ದಿನ ಕೊಟ್ಟೂರಿನಲ್ಲಿ ಪೇಡೆ, ಪಟಾಕಿ, ಟಿ.ವಿ. ಕ್ಯಾಮೆರಾ. ಬೇರೆ ಜಿಲ್ಲೆಗಳ ಮಕ್ಕಳು ಇತಿಹಾಸ, ರಾಜ್ಯಶಾಸ್ತ್ರ, ಶಿಕ್ಷಣಶಾಸ್ತ್ರ ಓದಲು ಈ ಊರಿಗೆ ಬರುತ್ತಾರೆ. ಅವರಿಗೆ ಹಾಸ್ಟೆಲು ಬೇಕು, ಬಾಡಿಗೆ ರೂಮು ಬೇಕು, ಮೆಸ್ಸು ಬೇಕು. ಡೊನೇಷನ್ನು ಕೊಟ್ಟು ಸೈನ್ಸ್ ಸೇರಲಾಗದ ಮನೆಗಳ ಮಕ್ಕಳೇ ಇವರಲ್ಲಿ ಹೆಚ್ಚು. ಎಲ್ಲರೂ ಕೈಬಿಟ್ಟ ವಿಭಾಗವನ್ನು ಹಿಡಿದು ಗೆದ್ದ ಊರು ಎಂಬ ಹೆಮ್ಮೆ ಸಣ್ಣದಲ್ಲ, ನನಗೂ ಅದು ಇದೆ. ಆದರೆ ರ‍್ಯಾಂಕಿಗೆ ತರಬೇತಿ ಕೊಡುವ ವೇಳಾಪಟ್ಟಿಯಲ್ಲಿ ಬೆಳಗಿನ ತರಗತಿ, ಸಂಜೆಯ ತರಗತಿ, ಕಿರು ಪರೀಕ್ಷೆಗಳ ಮಧ್ಯೆ ಮೈದಾನಕ್ಕೆ ಹೋಗುವ ಗಂಟೆಯನ್ನು ಯಾವ ಊರಿನ ಯಾವ ರ‍್ಯಾಂಕ್ ಕಾಲೇಜೂ ಧಾರಾಳವಾಗಿ ಕೊಟ್ಟದ್ದನ್ನು ನಾನು ಕಂಡಿಲ್ಲ. ಓದೇ ಪಂದ್ಯವಾದ ಮೇಲೆ ಪಂದ್ಯಕ್ಕೆ ಬೇರೆ ಹಣ ಯಾಕೆ ಎಂದು ಆಡಳಿತ ಮಂಡಳಿಯವರು ಕೇಳಿದರೆ ಉತ್ತರ ಕೊಡುವುದು ಸುಲಭವಲ್ಲ.

2010ರಲ್ಲಿ ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಆದಾಗ ಮೂರು ಹೊಳೆ ದಾಟುವ ಕಷ್ಟ ತಪ್ಪಿತು. ಬಳ್ಳಾರಿ, ಕೊಪ್ಪಳ ಎರಡೇ ಜಿಲ್ಲೆ. ತಂಡ ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಬರಬಹುದು. ವಿಶ್ವವಿದ್ಯಾಲಯ ಚಿಕ್ಕದಾದಷ್ಟೂ ಇಲ್ಲಿನ ಹುಡುಗ ಅದರ ತಂಡಕ್ಕೆ ಆಯ್ಕೆಯಾಗುವುದು ಸುಲಭ, ಬ್ಲೂ ಆಗುವುದು ಸುಲಭ. ಫೀ ಕಟ್ಟುವ ಕಾಲೇಜುಗಳು ಕಡಿಮೆಯಾದಷ್ಟೂ ಆ ತಂಡವನ್ನು ದಕ್ಷಿಣ ವಲಯದ ಪಂದ್ಯಕ್ಕೆ ಚೆನ್ನೈಗೋ ಕೇರಳಕ್ಕೋ ಕಳಿಸುವ ನಿಧಿ ಸಣ್ಣದು. ಹತ್ತಿರದ ಲಾಭವೂ ಅದೇ, ನಷ್ಟವೂ ಅದೇ.

2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಯಾದಾಗ ಆಟ, ಯೋಗ, ಫಿಟ್‌ನೆಸ್‌ಗಳಿಗೆ ಡಿಗ್ರಿಯಲ್ಲಿ ಕ್ರೆಡಿಟ್ಟು ಬಂತು. ರಾಧಾಕೃಷ್ಣನ್ ಆಯೋಗ ಕೇಳಿದ್ದು ಎಪ್ಪತ್ತು ವರ್ಷ ತಡವಾಗಿ ಅಂಕಪಟ್ಟಿಯ ಬಾಗಿಲು ತಟ್ಟಿತ್ತು. ಪಿ.ಡಿ. ಇಲ್ಲದ ಕಾಲೇಜುಗಳಲ್ಲಿ ಆ ಅಂಕ ಯಾರು ಹಾಕಿದರು, ಹೇಗೆ ಹಾಕಿದರು ಎಂಬುದನ್ನು ಕೆದಕದಿರುವುದು ಮೇಲು. 2024–25ಕ್ಕೆ ರಾಜ್ಯ ಸರ್ಕಾರ ಆ ನೀತಿಯನ್ನು ಕೈಬಿಟ್ಟು ಹಳೆಯ ಮೂರು ವರ್ಷದ ಡಿಗ್ರಿಗೆ ಮರಳಿತು.

ಅಷ್ಟರಲ್ಲಿ ಕೊಪ್ಪಳಕ್ಕೆ ಬೇರೆ ವಿಶ್ವವಿದ್ಯಾಲಯ ಆಗಿ ಅಲ್ಲಿನ ಕಾಲೇಜುಗಳು ಬಳ್ಳಾರಿಯನ್ನು ಬಿಟ್ಟವು, ಅವುಗಳ ಫೀಯೂ ಬಿಟ್ಟಿತು. 2025ರ ಆರಂಭದಲ್ಲಿ ಸಚಿವ ಸಂಪುಟದ ಉಪಸಮಿತಿಯೊಂದು ಹಣದ ಕೊರತೆಯ ಕಾರಣ ಕೊಟ್ಟು ಕೊಪ್ಪಳವೂ ಸೇರಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚಬಹುದೆಂದು ಹೇಳಿತು. ಮುಚ್ಚಿದರೆ ಆ ಕಾಲೇಜುಗಳು ತಿರುಗಿ ಬಳ್ಳಾರಿಗೆ ಬರಬೇಕು. ಈ ಐದು ತಾಲ್ಲೂಕುಗಳು ಸೇರಿರುವ ವಿಜಯನಗರ ಜಿಲ್ಲೆಯೊಳಗೆ ಇರುವುದು 1991ರ ಹಂಪಿ ಕನ್ನಡ ವಿಶ್ವವಿದ್ಯಾಲಯ. ಅದು ಸಂಶೋಧನೆಗೆಂದು ಹುಟ್ಟಿದ್ದು. ತಾಲ್ಲೂಕುಗಳ ಡಿಗ್ರಿ ಕಾಲೇಜುಗಳು ಅದರ ಕೆಳಗೆ ಬರುವುದಿಲ್ಲ. ಹೀಗಾಗಿ ಹಗರಿಬೊಮ್ಮನಹಳ್ಳಿಯ ಜಿ.ವಿ.ಪಿ.ಪಿ. ಸರ್ಕಾರಿ ಕಾಲೇಜಿನ ಹುಡುಗಿಯ ತಮ್ಮ ಪಿಯು ಜಿಲ್ಲಾಮಟ್ಟದ ಖೋ–ಖೋಗೆ ವಿಜಯನಗರ ಜಿಲ್ಲೆಯ ಹೆಸರಿನಲ್ಲಿ ಆಡಿದರೆ, ಅವಳು ಅಂತರ ಕಾಲೇಜು ಪಂದ್ಯ ಆಡುವುದು ಬಳ್ಳಾರಿಯ ವಿಶ್ವವಿದ್ಯಾಲಯದ ಹೆಸರಿನಲ್ಲಿ. ಇಬ್ಬರ ಆಟದ ಫೀಯೂ ಎರಡು ಇಲಾಖೆಗಳ ಎರಡು ಖಾತೆಗೆ ಹೋಗುತ್ತದೆ.